ಟಾಮ್‌ಗೆ ಪಾಪ ಅನ್ನಿಸಿದ್ದೇ ತಪ್ಪಾಯಿತಾ? 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿದವರು ಬನ್ನಿ

ಕುಕ್ಕರಹಳ್ಳಿ ಏರಿ

ನಮ್ಮ ಓದುವ ಗುಂಪು ತಿಂಗಳ ಮೂರನೇ ಭಾನುವಾರ ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರ ಮನೆ ತಾರಸಿ ಮೇಲೆ ಸೇರುತ್ತದೆ. ಹತ್ತು ಹನ್ನೆರಡು ಜನ, ಒಂದು ಫ್ಲಾಸ್ಕ್ ಕಾಫಿ, ಒಂದಿಷ್ಟು ಚುರುಮುರಿ. ಈ ಸಲದ ಪುಸ್ತಕ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್'. 1960ರಲ್ಲಿ ಬಂತು, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಈ ಕಥೆ ಗೊತ್ತಂತೆ. ಮಾತಿಗೆ ಕೂತಾಗ ತಿಳಿಯಿತು, ಅರ್ಧ ಜನಕ್ಕೆ ಗೊತ್ತಿದ್ದದ್ದು ಸಿನಿಮಾ.

ಓದದವರಿಗೆ ಎರಡು ಮಾತು. ಅಮೆರಿಕದ ಅಲಬಾಮಾ ರಾಜ್ಯದ ಮೇಕಂಬ್ ಎಂಬ ಊರು. ಊರು ಕಲ್ಪನೆಯದು, ಕಾಲ 1930ರ ದಶಕದ್ದು. ಟಾಮ್ ರಾಬಿನ್‌ಸನ್ ಕಪ್ಪು ಜನಾಂಗದ ಕೂಲಿಯಾಳು. ಇಪ್ಪತ್ತೈದು ವರ್ಷ, ಹೆಂಡತಿ, ಮೂರು ಮಕ್ಕಳು. ಮಯೆಲ್ಲಾ ಯೂಯಲ್ ಎಂಬ ಬಿಳಿ ಹುಡುಗಿಯ ಮೇಲೆ ಬಲಾತ್ಕಾರ ಮಾಡಿದ ಅಂತ ಅವನ ಮೇಲೆ ಕೇಸು. ಅವನ ಪರ ವಾದಿಸುವ ವಕೀಲ ಆಟಿಕಸ್ ಫಿಂಚ್. ಕಥೆ ಹೇಳುವವಳು ಆಟಿಕಸ್ ಮಗಳು ಸ್ಕೌಟ್, ಆಗ ಇನ್ನೂ ಚಿಕ್ಕ ಹುಡುಗಿ. ಟಾಮ್ ಏನೂ ಮಾಡಿಲ್ಲ ಅನ್ನುವುದು ಓದುವವರಿಗೆ ಸ್ಪಷ್ಟವಾಗಿ ಕಾಣುತ್ತದೆ. ತೀರ್ಪು ಹೇಳಲು ಸಾಮಾನ್ಯ ಜನರಿಂದ ಆರಿಸಿದ ಜ್ಯೂರಿ ಮಾತ್ರ ತಪ್ಪಿತಸ್ಥ ಅನ್ನುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿಗಿಂತ ಮೊದಲಿನ ಒಂದು ಗಳಿಗೆ. ಸರ್ಕಾರಿ ವಕೀಲ ಗಿಲ್ಮರ್ ಟಾಮ್‌ನನ್ನು ಕೆಣಕುತ್ತಾನೆ. ಆ ಹುಡುಗಿಗೆ ಹಳೆಯ ಮರದ ಬೀರು ಒಡೆದುಕೊಟ್ಟೆ, ಸೌದೆ ಒಡೆದುಕೊಟ್ಟೆ, ನೀರು ತಂದುಕೊಟ್ಟೆ, ಒಂದು ಕಾಸೂ ತಗೊಂಡಿಲ್ಲ, ಬಹಳ ಒಳ್ಳೆಯವನಪ್ಪ ನೀನು, ಯಾಕೆ ಮಾಡಿದೆ? ಟಾಮ್ ಯೋಚನೆ ಮಾಡದೆ ನಿಜ ಹೇಳಿಬಿಡುತ್ತಾನೆ. ಅವಳನ್ನು ನೋಡಿ ಪಾಪ ಅನ್ನಿಸಿತು, ಆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ ಅನ್ನುತ್ತಾನೆ. ಗಿಲ್ಮರ್‌ಗೆ ಅಷ್ಟೇ ಸಾಕು. ನಿನಗೆ ಅವಳ ಮೇಲೆ ಪಾಪ ಅನ್ನಿಸಿತಾ? ನಿನಗೆ? ಕೇಳುತ್ತಿದ್ದ ಬಿಳಿಯರಿಗೆ ಆ ಮಾತು ಹಿಡಿಸುವುದಿಲ್ಲ. ಟಾಮ್‌ಗೂ ಬಾಯಿ ಜಾರಿದ್ದು ಗೊತ್ತಾಗುತ್ತದೆ. ಆದರೆ ಮಾತು ಆಡಿಯಾಗಿತ್ತು.

ನನಗನ್ನಿಸಿದ್ದು ಇದು. ಬಲಾತ್ಕಾರದ ಆರೋಪಕ್ಕಿಂತ ಜಾಸ್ತಿ ಅವನನ್ನು ಮುಳುಗಿಸಿದ್ದು ಆ 'ಪಾಪ'. ಪಾಪ ಅನ್ನುವುದು ಮೇಲಿನವರು ಕೆಳಗಿನವರನ್ನು ನೋಡಿ ಅನ್ನಬೇಕಾದ ಮಾತು. ಅದನ್ನು ಕೆಳಗಿನವನು ತಿರುಗಿಸಿ ಹೇಳಿದರೆ ಸಹಿಸುವವರು ಯಾರು? ನಿಮಗೂ ಹಾಗೇ ಅನ್ನಿಸಿತಾ, ಅಥವಾ ನಾನು ಸುಮ್ನೆ ಒಂದು ಸಾಲನ್ನು ಎಳೆದಾಡುತ್ತಿದ್ದೇನಾ?

ಒಗ್ಗರಣೆ

ಎಳೆದಾಡಿ ಮೇಡಂ, ಅದಕ್ಕೇ ತಾನೇ ಇಲ್ಲಿಗೆ ಬರುವುದು.

ವಕೀಲರ ಡೈರಿ

ಮೇಡಂ, ನೀವು ಹೇಳಿದ್ದು ಸರಿ. ನನ್ನ ಕಸುಬಿನ ಕಣ್ಣಿನಲ್ಲಿ ನೋಡಿದರೂ ಸರಿ. ಪಾಟಿ ಸವಾಲಿನಲ್ಲಿ ನಾವು ಕಾಯುವುದೇ ಇಂಥ ಒಂದು ಮಾತಿಗೆ. ಸಾಕ್ಷಿ ಸುಳ್ಳು ಹೇಳಬೇಕಂತಿಲ್ಲ, ಕೂತವರಿಗೆ ಹಿಡಿಸದ ನಿಜ ಹೇಳಿದರೂ ಸಾಕು.

ಕೇಸನ್ನು ಬಿಡಿಸಿ ನೋಡಿ. ಮಯೆಲ್ಲಾಗೆ ಪೆಟ್ಟು ಬಿದ್ದದ್ದು ಮುಖದ ಬಲಗಡೆ. ಎದುರಿಗೆ ನಿಂತವನು ಎಡಗೈಯಲ್ಲಿ ಹೊಡೆದರೆ ತಾನೇ ಬಲಗಡೆ ಬೀಳುವುದು? ಆಟಿಕಸ್ ಹುಡುಗಿಯ ಅಪ್ಪ ಬಾಬ್ ಯೂಯಲ್ ಕೈಗೆ ಪೆನ್ನು ಕೊಟ್ಟು ಹೆಸರು ಬರೆಸುತ್ತಾನೆ. ಅವನು ಎಡಚ. ಟಾಮ್‌ನ ಎಡಗೈಯೋ, ಬಲಗೈಗಿಂತ ಒಂದಡಿ ಗಿಡ್ಡ, ಸತ್ವವೇ ಇಲ್ಲ. ಡಾಕ್ಟರನ್ನು ಯಾರೂ ಕರೆಸಿಲ್ಲ, ವೈದ್ಯಕೀಯ ಸಾಕ್ಷ್ಯ ಸೊನ್ನೆ. ಇವತ್ತು ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಇಂಥ ಕೇಸು ಬಂದರೆ ನಿಲ್ಲಿಸುವುದಕ್ಕೇ ಸರ್ಕಾರಿ ವಕೀಲರು ಒದ್ದಾಡಬೇಕು. ಅಲ್ಲಿ ನಿಂತಿತು. ನಿಲ್ಲಿಸಿದ್ದು ಹನ್ನೆರಡು ಜನ ಬಿಳಿ ಗಂಡಸರು. ಕಪ್ಪು ಜನ ಜ್ಯೂರಿಯಲ್ಲಿ ಇಲ್ಲ, ಹೆಂಗಸರು ಬಿಳಿಯರಾದರೂ ಇಲ್ಲ. ಅಲಬಾಮಾದಲ್ಲಿ ಹೆಂಗಸರಿಗೆ ಜ್ಯೂರಿ ಬಾಗಿಲು ತೆರೆದದ್ದು 1966ರಲ್ಲಿ.

ಕಾದಂಬರಿ ಅಂತ ತಳ್ಳಿಹಾಕಬೇಡಿ. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಜನ ಕಪ್ಪು ಹುಡುಗರ ಮೇಲೆ ಇಂಥದೇ ಕೇಸು ಬಿತ್ತು. ಗೂಡ್ಸ್ ರೈಲಿನಲ್ಲಿ ಇಬ್ಬರು ಬಿಳಿ ಹುಡುಗಿಯರ ಮೇಲೆ ಬಲಾತ್ಕಾರ ಮಾಡಿದರು ಅಂತ. ಒಂಬತ್ತರಲ್ಲಿ ಎಂಟು ಜನಕ್ಕೆ ಮರಣದಂಡನೆ ವಿಧಿಸಿದರು. 1933ರಲ್ಲಿ ಮರುವಿಚಾರಣೆ ನಡೆದಾಗ ಆ ಹುಡುಗಿಯರಲ್ಲಿ ಒಬ್ಬಳು ಕೋರ್ಟಿಗೇ ಬಂದು ಅಂಥದ್ದೇನೂ ನಡೆದಿಲ್ಲ ಅಂದಳು. ಆಮೇಲೂ ಜ್ಯೂರಿ ತಪ್ಪಿತಸ್ಥ ಅಂತಲೇ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಸಲ ಕೈ ಹಾಕಬೇಕಾಯಿತು. 1932ರಲ್ಲಿ ಸರಿಯಾದ ವಕೀಲರನ್ನು ಕೊಡಲಿಲ್ಲ ಅಂತ, 1935ರಲ್ಲಿ ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಟ್ಟರು ಅಂತ. ಟಾಮ್‌ನ ವಿಚಾರಣೆ ನಡೆಯುವುದೂ 1935ರ ಬೇಸಿಗೆಯಲ್ಲೇ.

ಸುಮ್ನೆ ಓದುಗ

ಎಲ್ಲ ಸರಿ. ಆದರೆ ಆ ಗ್ಲಾಸ್ ಎಸೆಯುವ ಸೀನು ಮರೆತುಬಿಟ್ಟಿರಲ್ಲ ಸರ್. ಆಟಿಕಸ್ ಗ್ಲಾಸ್ ಎಸೆದಾಗ ಟಾಮ್ ಬಲಗೈಯಲ್ಲಿ ಹಿಡಿಯುತ್ತಾನೆ.

ವಕೀಲರ ಡೈರಿ

ಅದು 1962ರ ಸಿನಿಮಾ, ಗ್ರೆಗರಿ ಪೆಕ್ ಆಟಿಕಸ್ ಪಾತ್ರ ಮಾಡಿದ್ದು. ಪುಸ್ತಕದಲ್ಲಿ ಗ್ಲಾಸಿಲ್ಲ. ಪ್ರಮಾಣ ಮಾಡುವಾಗ ಟಾಮ್ ತನ್ನ ಬಲಗೈಯಿಂದಲೇ ಎಡಗೈಯನ್ನು ಎತ್ತಿ ಬೈಬಲ್ ಮೇಲೆ ಇಡುತ್ತಾನೆ, ಅದು ಜಾರಿ ಬೀಳುತ್ತದೆ. ಮತ್ತೆ ಇಡಲು ನೋಡುತ್ತಾನೆ. ಜಡ್ಜ್ 'ಸಾಕು ಬಿಡಪ್ಪ' ಅನ್ನುವ ಹಾಗೆ ಮಾತಾಡುತ್ತಾರೆ. ಅರ್ಧ ಜನ ಸಿನಿಮಾ ನೋಡಿದವರು ಅಂತ ಮೇಡಂ ಹೇಳಿದ್ದು ಸುಳ್ಳಲ್ಲ ನೋಡಿ.

ಸುಮ್ನೆ ಓದುಗ

ಸಿಕ್ಕಿಬಿದ್ದೆ. ಪುಸ್ತಕ ಹುಡುಕುತ್ತೇನೆ.

ಆಲೆಮನೆ ಹುಡುಗ

ಆ ಕೈ ಬಗ್ಗೆ ನಾನು ಹೇಳಲೇಬೇಕು. ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಮನೆಯವರದೇ ಒಂದು ಸಣ್ಣ ಆಲೆಮನೆ. ಟಾಮ್‌ನ ಕೈ ಹೋದದ್ದು ಹತ್ತಿ ಬಿಡಿಸುವ ಮೆಷಿನ್ನಿಗೆ ಸಿಕ್ಕಿ. ಆಗ ಅವನು ಹುಡುಗ. ರಕ್ತ ಹೋಗಿ ಸಾಯುವುದರಲ್ಲಿದ್ದ, ಮಾಂಸಖಂಡ ಎಲ್ಲ ಮೂಳೆಯಿಂದ ಕಿತ್ತುಬಂದಿತ್ತು ಅಂತ ಪುಸ್ತಕದಲ್ಲಿ ಪಾದ್ರಿ ಹೇಳುತ್ತಾರೆ. ಆ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟೆ.

ಗಾಣ ನೋಡಿದವರಿಗೆ ಗೊತ್ತು. ಕಬ್ಬು ಕೊಡುವವನು ಗಾಣದ ಮುಂದೆ ಕೂತಿರುತ್ತಾನೆ. ಒಂದು ಹಿಡಿ ಕಬ್ಬು ಉರುಳೆಗೆ ಕಚ್ಚಿಸಬೇಕು, ಕಚ್ಚಿದ ತಕ್ಷಣ ಕೈ ಹಿಂದಕ್ಕೆ ತೆಗೆಯಬೇಕು. ಬೆಳಗಿನ ಜಾವ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ಒಂದು ಕ್ಷಣ ತಡವಾದರೆ ಕಬ್ಬಿನ ಜೊತೆ ಬೆರಳೂ ಹೋಗುತ್ತದೆ. ನಮ್ಮ ಪಕ್ಕದ ಆಲೆಮನೆಯಲ್ಲಿ ಒಬ್ಬರಿದ್ದಾರೆ, ನಾನು ದೊಡ್ಡಪ್ಪ ಅಂತಲೇ ಕರೆಯುವುದು. ಎಡಗೈ ಮಣಿಕಟ್ಟಿನವರೆಗೆ ಸಿಕ್ಕಿತ್ತಂತೆ, ನಾನು ಹುಟ್ಟುವ ಮೊದಲು. ಈಗ ಆ ಕೈ ಇದೆ, ಆದರೆ ಇಲ್ಲ. ಬೀಡಿ ಕಡ್ಡಿ ಗೀರುವಾಗ ಪೊಟ್ಟಣವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಲಗೈಲಿ ಗೀರುತ್ತಾರೆ. ಪಂಚೆ ಕಟ್ಟುವುದಕ್ಕೆ ಗೋಡೆಗೆ ಒರಗಬೇಕು. ಅಂಥ ಕೈಯಲ್ಲಿ ಒಬ್ಬರ ಕತ್ತು ಹಿಸುಕಿದ ಅಂದರೆ ನಮ್ಮೂರ ಮಕ್ಕಳೂ ನಗುತ್ತಾರೆ. ಮೇಕಂಬ್ ಹತ್ತಿ ಬೆಳೆಯುವ ಊರು. ಜ್ಯೂರಿಯಲ್ಲಿ ಕೂತವರೂ ರೈತರೇ. ಮೆಷಿನ್ನು ಕೈಗೆ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತದಾ?

ಇನ್ನೊಂದು. ಆ ಮೆಷಿನ್ನು ಯಾರದು ಅಂತ ಗಮನಿಸಿದಿರಾ? ಡಾಲ್ಫಸ್ ರೇಮಂಡ್ ಅವರದು.

ಪಿಯುಸಿ ಮೇಡಂ

ಅಯ್ಯೋ! ಹತ್ತು ಸಲ ಪಾಠ ಮಾಡಿದ್ದೇನೆ, ಇದು ಕಣ್ಣಿಗೇ ಬಿದ್ದಿರಲಿಲ್ಲ.

ಬೇರೆಯವರಿಗೆ ಹೇಳುತ್ತೇನೆ. ರೇಮಂಡ್ ಅನುಕೂಲಸ್ಥ ಬಿಳಿಯ, ಕಪ್ಪು ಹೆಂಗಸಿನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಯಾವಾಗಲೂ ಕಾಗದದ ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಹೀರುತ್ತಿರುತ್ತಾನೆ. ಕುಡುಕ ಅಂತ ಊರಿಗೆಲ್ಲ ನಂಬಿಕೆ. ಬಾಟಲಿಯಲ್ಲಿರುವುದು ಬರೀ ಕೋಕಾ ಕೋಲ. ಕುಡುಕ ಅಂತ ಕಾರಣ ಸಿಕ್ಕರೆ ಜನರಿಗೆ ಸಮಾಧಾನ, ಅದಕ್ಕೇ ಈ ವೇಷ ಅಂತ ಮಕ್ಕಳ ಹತ್ತಿರ ಗುಟ್ಟು ಹೇಳುತ್ತಾನೆ. ಓದುವವರಿಗೆಲ್ಲ ಇಷ್ಟವಾಗುವ ಪಾತ್ರ. ಆದರೆ ಟಾಮ್‌ನ ಕೈ ತಿಂದದ್ದು ಆ ಒಳ್ಳೆಯವರ ಮೆಷಿನ್ನೇ. ಲೇಖಕಿ ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದಾರೆ.

ಕೈ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. ಟಾಮ್ ಸಾಯುವುದು ಜೈಲಿನ ಬೇಲಿ ಹತ್ತಿ ಓಡುವಾಗ. ಮೈಯಲ್ಲಿ ಹದಿನೇಳು ಗುಂಡು. ಎರಡೂ ಕೈ ಸರಿ ಇದ್ದಿದ್ದರೆ ದಾಟಿಬಿಡುತ್ತಿದ್ದ, ಅಷ್ಟು ಜೋರಾಗಿ ಓಡುತ್ತಿದ್ದ ಅಂತ ಕಾವಲಿನವರೇ ಹೇಳಿದರಂತೆ. ಕೋರ್ಟಿನಲ್ಲಿ ಅವನನ್ನು ಉಳಿಸದ ಕೈ ಬೇಲಿ ಹತ್ತಿರವೂ ಉಳಿಸಲಿಲ್ಲ.

ಗಂಗೋತ್ರಿ ಹಾಸ್ಟೆಲ್

ನಾನು ನಂಜನಗೂಡು ಕಡೆಯವನು, ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ. ಏರಿ ಮೇಡಂ ಎತ್ತಿದ ಮಾತು ಬಹಳ ದಿನದಿಂದ ನನ್ನ ತಲೆಯಲ್ಲೂ ಇದೆ. ನನಗೆ ಈ ಪುಸ್ತಕ ಓದಿದಾಗಲೆಲ್ಲ ದೇವನೂರ ಮಹಾದೇವ ಅವರ 'ಕುಸುಮಬಾಲೆ' ನೆನಪಾಗುತ್ತದೆ. 1984ರದು. ಅಲ್ಲಿ ಚೆನ್ನ ಅನ್ನುವ ದಲಿತ ಹುಡುಗ, ಕುಸುಮ ಅನ್ನುವ ಮೇಲ್ಜಾತಿಯ ಹುಡುಗಿ. ಚೆನ್ನ ಕೊಲೆಯಾಗುತ್ತಾನೆ. ಎರಡೂ ಕಡೆ ಗಂಡು ಕೆಳಗಿನವನು, ಹೆಣ್ಣು ಮೇಲಿನವಳು, ಸಾಯುವವನು ಗಂಡು.

ವ್ಯತ್ಯಾಸವೂ ಇದೆ. ಮಯೆಲ್ಲಾಗೆ ಟಾಮ್ ಮೇಲೆ ಆಸೆ ಇತ್ತು. ಅವನನ್ನು ತಬ್ಬಿ ಮುತ್ತು ಕೊಟ್ಟದ್ದು ಅವಳು. ಅಪ್ಪ ಕಿಟಕಿಯಿಂದ ನೋಡಿದ. ಆಮೇಲೆ ಅವಳು ಮಾಡಿದ್ದು ಒಂದೇ ಕೆಲಸ, ಆ ಆಸೆಯ ಗುರುತನ್ನು ಅಳಿಸುವುದು. ಗುರುತು ಅಂದರೆ ಟಾಮ್. ಆಟಿಕಸ್ ಕೂಡ ತನ್ನ ವಾದದಲ್ಲಿ ಇದನ್ನೇ ಹೇಳುತ್ತಾನೆ.

ಕುಕ್ಕರಹಳ್ಳಿ ಏರಿ

ಮಯೆಲ್ಲಾ ಬಗ್ಗೆ ನಮ್ಮ ಗುಂಪಿನಲ್ಲಿ ಜಗಳವೇ ಆಯಿತು. ನನಗೆ ಅವಳ ಮೇಲೆ ಕೋಪ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಹತ್ತೊಂಬತ್ತು ವರ್ಷ. ತಾಯಿ ಇಲ್ಲ. ಕುಡುಕ ಅಪ್ಪ, ಹಿಂದೆ ಒಂದು ಹಿಂಡು ತಮ್ಮ ತಂಗಿಯರು, ಊರಿನ ಕಸ ಸುರಿಯುವ ಜಾಗದ ಪಕ್ಕ ಮನೆ. ಆ ಕೊಳಕು ಅಂಗಳದ ಒಂದು ಮೂಲೆಯಲ್ಲಿ, ಒಡೆದ ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂವಿನ ಗಿಡ ಬೆಳೆಸಿರುತ್ತಾಳೆ. ಒಟ್ಟು ಆರು. ಊರೆಲ್ಲ ಅದನ್ನು ನೋಡಿ ಆಶ್ಚರ್ಯ ಪಡುತ್ತಿತ್ತು.

ಕೋರ್ಟಿನಲ್ಲಿ ಆಟಿಕಸ್ ಅವಳನ್ನು ಮರ್ಯಾದೆ ಕೊಟ್ಟು ಮಾತಾಡಿಸುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ, ಇವನು ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಅಂತ. ಹುಟ್ಟಿದಾಗಿನಿಂದ ಯಾರೂ ಅವಳನ್ನು ಬಹುವಚನದಲ್ಲಿ ಕರೆದಿಲ್ಲ ಅನ್ನೋಣ, ನಮ್ಮ ಭಾಷೆಯಲ್ಲಿ ಹೇಳುವುದಾದರೆ. ಒಬ್ಬ ಟಾಮ್ ಮಾತ್ರ ಅವಳಿಗೆ ಮರ್ಯಾದೆ ಕೊಟ್ಟ. ಆ ಊರಿನ ಲೆಕ್ಕದಲ್ಲಿ ಅವಳಿಗಿಂತ ಕೆಳಗಿನವನೂ ಅವನೇ.

ಸುಮ್ನೆ ಓದುಗ

ನಾನು ಒಂದು ಮಾತು ಹೇಳಿದರೆ ಬೈಯಬೇಡಿ. ಯಾವ ಪುಸ್ತಕ ಎತ್ತಿದರೂ ಕೊನೆಗೆ ನಮ್ಮ ಜಾತಿಗೇ ತಂದು ಕಟ್ಟುತ್ತೀವಿ. ಅಲ್ಲಿಯದು ಬಣ್ಣ, ಗುಲಾಮಗಿರಿಯ ಚರಿತ್ರೆ. ನಮ್ಮದು ಬೇರೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಎರಡರ ರುಚಿಯೂ ಕೆಡುತ್ತದೆ.

ಗಂಗೋತ್ರಿ ಹಾಸ್ಟೆಲ್

ಬೈಯುವುದಿಲ್ಲ ಅಣ್ಣ. ಅರ್ಧ ಒಪ್ಪುತ್ತೇನೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಕೇಳಿ ತಿಳಿದುಕೊಳ್ಳಬೇಕು. ಮೈಸೂರಿನಲ್ಲಿ ಬಾಡಿಗೆ ರೂಮು ಹುಡುಕಿದಾಗ ನನಗೆ ಚೆನ್ನಾಗಿ ಗೊತ್ತಾಯಿತು. ಮೊದಲು 'ಎಲ್ಲಿ ಓದ್ತಾ ಇದೀರಾ', ಆಮೇಲೆ 'ಯಾವ ಊರು', ಆಮೇಲೆ 'ಊರಲ್ಲಿ ಮನೆ ಎಲ್ಲಿ ಬರುತ್ತೆ', ಕೊನೆಗೆ 'ನೀವು ಯಾವ ಜನ'. ನಾಲ್ಕು ಪ್ರಶ್ನೆ. ಟಾಮ್‌ಗೆ ಈ ನಾಲ್ಕೂ ಬೇಕಾಗಿರಲಿಲ್ಲ.

ಅದೇ ಬೀದಿಯಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗನೂ ರೂಮು ಕೇಳುತ್ತಿದ್ದ. ಅವನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗೇಟು ತೆರೆಯುವ ಮೊದಲೇ 'ರೂಮ್ ಇಲ್ಲ' ಅಂದರು. 'ಮನೆ ಬಾಡಿಗೆಗಿದೆ' ಬೋರ್ಡು ಅಲ್ಲೇ ನೇತಾಡುತ್ತಿತ್ತು. ಇಬ್ಬರೂ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಹಾಗಾಗಿ ಬಣ್ಣ ಅಲ್ಲಿಯದು, ಜಾತಿ ಇಲ್ಲಿಯದು ಅಂತ ಗೆರೆ ಎಳೆಯಲು ನನಗೆ ಆಗುವುದಿಲ್ಲ.

ಒಗ್ಗರಣೆ

ಹೆಣ್ಣು ನೋಡಿ ಬಂದವರ ಮಾತು ಕೇಳಿ. 'ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದಾಳೆ.' ಆ 'ಆದ್ರೂ' ಇದೆಯಲ್ಲ, ಅದೇ ನಮ್ಮ ಮನೆಯ ಮೇಕಂಬ್. ಬೆಳ್ಳಗಿರುವವಳಿಗೆ 'ಬೆಳ್ಳಗಿದಾಳೆ, ಆದ್ರೂ ಲಕ್ಷಣ' ಅಂದದ್ದನ್ನು ನಾನು ಕೇಳಿಲ್ಲ.

ಸುಮ್ನೆ ಓದುಗ

ಸರಿ, ಸೋತೆ. ನಮ್ಮಮ್ಮ ನಿನ್ನೆಯಷ್ಟೇ ಫೋನಿನಲ್ಲಿ ಆ ಮಾತು ಹೇಳಿದರು.

ಪಿಯುಸಿ ಮೇಡಂ

ನನಗೆ ಈ ಪುಸ್ತಕದಲ್ಲಿ ಟಾಮ್‌ಗಿಂತ ಹತ್ತಿರದವಳು ಕ್ಯಾಲ್ಪೂರ್ನಿಯಾ. ಫಿಂಚ್ ಮನೆಯ ಅಡುಗೆಯವಳು, ಸ್ಕೌಟ್ ಮತ್ತು ಅವಳ ಅಣ್ಣ ಜೆಮ್‌ಗೆ ತಾಯಿಯ ಹಾಗೆ. ಒಂದು ಭಾನುವಾರ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಹಾಡಿನ ಪುಸ್ತಕವೇ ಇಲ್ಲ. ಓದಲು ಬರುವವರು ಇಡೀ ಚರ್ಚಿನಲ್ಲಿ ನಾಲ್ಕೇ ಜನ. ಕ್ಯಾಲ್ಪೂರ್ನಿಯಾಳ ದೊಡ್ಡ ಮಗ ಜೀಬೋ ಒಂದೊಂದೇ ಸಾಲು ಹೇಳುತ್ತಾನೆ, ಜನ ಅದನ್ನು ಹಾಡುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಾಡುವ ಹಾಗೆ. ಆ ಜೀಬೋ ಕೆಲಸ ಊರಿನ ಕಸ ಸಾಗಿಸುವುದು.

ಅಲ್ಲಿ ಸ್ಕೌಟ್‌ಗೆ ಒಂದು ವಿಷಯ ಹೊಸದಾಗಿ ಕಾಣುತ್ತದೆ. ಕ್ಯಾಲ್ಪೂರ್ನಿಯಾ ಮನೆಯಲ್ಲಿ ಆಡುವ ಮಾತೇ ಬೇರೆ, ಚರ್ಚಿನಲ್ಲಿ ತನ್ನವರ ಜೊತೆ ಆಡುವ ಮಾತೇ ಬೇರೆ. ಸರಿಯಾದ ಭಾಷೆ ಗೊತ್ತಿದ್ದೂ ಯಾಕೆ ಹೀಗೆ ಮಾತಾಡುತ್ತೀಯ ಅಂತ ಕೇಳುತ್ತಾಳೆ. ಅವಳ ಉತ್ತರದ ತಾತ್ಪರ್ಯ ಇಷ್ಟು: ನಮ್ಮವರ ಹತ್ತಿರ ಬಿಳಿಯರ ಥರ ಮಾತಾಡಿದರೆ ಜಂಭ ಅಂದುಕೊಳ್ಳುತ್ತಾರೆ, ತಮಗಿಂತ ಜಾಸ್ತಿ ತಿಳಿದವರನ್ನು ಕಂಡರೆ ಜನಕ್ಕೆ ಆಗುವುದಿಲ್ಲ.

ನಾನು ಮಂಡ್ಯದಲ್ಲಿ ಪಾಠ ಮಾಡುವವಳು. ನಮ್ಮ ಮಕ್ಕಳು ಬಸ್ಸಿನಿಂದ ಇಳಿಯುವವರೆಗೆ 'ಬತ್ತೀನಿ ಕಣ್ಲಾ', 'ಎಲ್ಲೋಯ್ತಿದ್ದೀಯ' ಅಂತ ಜೋರಾಗಿ ಇರುತ್ತಾರೆ. ಕ್ಲಾಸಿಗೆ ಬಂದರೆ ಬಾಯಿ ಕಟ್ಟಿಹೋಗುತ್ತದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು 'ಆಲು' ಅಂದ, ಹಾಲು ಅನ್ನುವುದಕ್ಕೆ. ಕ್ಲಾಸೇ ನಕ್ಕಿತು. ನಗುವವರ ಮನೆಯಲ್ಲೂ ಅದು ಆಲೇ. ಆ ಹುಡುಗ ವರ್ಷ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ. ಅವನಿಗೆ ಕ್ಯಾಲ್ಪೂರ್ನಿಯಾ ಕಥೆ ಹೇಳಬೇಕಿತ್ತು, ಆಗ ನನಗೆ ಹೊಳೆಯಲಿಲ್ಲ.

ಗಂಗೋತ್ರಿ ಹಾಸ್ಟೆಲ್

ಮೇಡಂ, 'ಕುಸುಮಬಾಲೆ'ಯನ್ನು ಪೂರ್ತಿ ನಮ್ಮ ಕಡೆ ಆಡುವ ಮಾತಿನಲ್ಲೇ ಬರೆದಿದ್ದಾರೆ. ಓದಿದ ಕೆಲವರು ಅರ್ಥವಾಗುವುದಿಲ್ಲ ಅಂದರು. ನಮ್ಮಜ್ಜಿಗೆ ಓದಿ ಹೇಳಿದೆ, ಒಂದು ಪದಕ್ಕೂ ಅರ್ಥ ಕೇಳಲಿಲ್ಲ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂದಾಗ, 'ನಾವ್ ಮಾತಾಡೋದ್ಕೂ ಪ್ರೈಜ್ ಕೊಟ್ಟವ್ರಾ' ಅಂತ ನಕ್ಕರು.

ಆಲೆಮನೆ ಹುಡುಗ

ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಕುಕ್ಕರಹಳ್ಳಿ ಏರಿ

ಕ್ಯಾಲ್ಪೂರ್ನಿಯಾ ವಿಷಯ ಬಂದಿತಲ್ಲ, ಆ ಟೀ ಪಾರ್ಟಿ ಅಧ್ಯಾಯವನ್ನು ಮರೆಯಬಾರದು. ಊರಿನ ಹೆಂಗಸರು ಫಿಂಚ್ ಮನೆಯಲ್ಲಿ ಸೇರಿ, ಆಫ್ರಿಕಾದ ಯಾವುದೋ ಬುಡಕಟ್ಟಿನ ಬಡತನ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಉಸಿರಿನಲ್ಲಿ ಒಬ್ಬಾಕೆ ತನ್ನ ಮನೆಯ ಕಪ್ಪು ಅಡುಗೆಯವಳು ಟಾಮ್ ತೀರ್ಪಿನ ಮೇಲೆ ಮುಖ ಊದಿಸಿಕೊಂಡಿದ್ದಾಳೆ ಅಂತ ದೂರುತ್ತಾಳೆ. ಟೀ ಕೊಡುತ್ತಿರುವವಳು ಕ್ಯಾಲ್ಪೂರ್ನಿಯಾ. ಆಗಲೇ ಆಟಿಕಸ್ ಬರುತ್ತಾನೆ, ಟಾಮ್ ಸತ್ತ ಸುದ್ದಿ ತರುತ್ತಾನೆ. ಟಾಮ್ ಹೆಂಡತಿ ಹೆಲನ್‌ಗೆ ಹೇಳುವಾಗ ಜೊತೆಗಿರಲಿ ಅಂತ ಕ್ಯಾಲ್ಪೂರ್ನಿಯಾಳನ್ನು ಕರೆದುಕೊಂಡು ಹೋಗುತ್ತಾನೆ. ಸುದ್ದಿ ಹೇಳುವ ಮೊದಲೇ ಹೆಲನ್ ಕುಸಿದು ಬೀಳುತ್ತಾಳೆ, ಇರುವೆಯ ಮೇಲೆ ಕಾಲಿಟ್ಟ ಹಾಗೆ. ಇತ್ತ ಟೀ ಪಾರ್ಟಿ ಮುಂದುವರಿಯುತ್ತದೆ.

ನನ್ನದೇ ಹೇಳುತ್ತೇನೆ, ಬೇರೆಯವರ ಮನೆಯದು ಯಾಕೆ. ನಮ್ಮ ಅಜ್ಜಿ ಮನೆಯ ಹಿತ್ತಲಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಕವುಚಿ ಇಟ್ಟಿರುತ್ತಿತ್ತು. ತಳದಲ್ಲಿ ಒಂದು ನೆಗ್ಗು. ಕೆಲಸದಾಕೆ ಬಂದಾಗ ಕಾಫಿ ಮೇಲಿನಿಂದ ಅದಕ್ಕೆ ಬೀಳುತ್ತಿತ್ತು, ಲೋಟಕ್ಕೆ ಲೋಟ ತಾಗದ ಹಾಗೆ. ಕುಡಿದು, ತಾನೇ ತೊಳೆದು, ಮತ್ತೆ ಗೋಡೆ ಮೇಲೆ ಕವುಚಿಡಬೇಕು. ಅದೇ ಅಜ್ಜಿ ಎಲ್ಲಾದರೂ ನೆರೆ ಬಂತು ಅಂದರೆ ಬೀರುವಿನಿಂದ ಸೀರೆ ತೆಗೆದು ಗಂಟು ಕಟ್ಟುತ್ತಿದ್ದರು, ಕಣ್ಣಲ್ಲಿ ನೀರು ತುಂಬಿಕೊಂಡು. ಆ ಕಣ್ಣೀರು ಸುಳ್ಳು ಅಂತ ನಾನು ಹೇಳಲಾರೆ. ಲೋಟವೂ ಸುಳ್ಳಲ್ಲ. ಕೆಲಸದಾಕೆ ಒಂದು ದಿನ ನಮ್ಮಜ್ಜಿಯನ್ನು ನೋಡಿ 'ಪಾಪ, ಈ ವಯಸ್ಸಲ್ಲಿ ಒಬ್ರೇ ಇದೀರಲ್ಲ' ಅಂದಳು. ಅಜ್ಜಿ ಒಂದು ವಾರ ಅವಳ ಹತ್ತಿರ ಮಾತಾಡಲಿಲ್ಲ. ಆಗ ನನಗೆ ಅರ್ಥವಾಗಿರಲಿಲ್ಲ. ಗಿಲ್ಮರ್ ಆ ಪ್ರಶ್ನೆ ಕೇಳುವ ಪುಟ ಓದುವಾಗ ಆ ವಾರ ನೆನಪಾಯಿತು.

ವಕೀಲರ ಡೈರಿ

ಈ ಚರ್ಚೆ ಶುರು ಮಾಡಿದ್ದೇ ಅದಕ್ಕೆ ಅಂತ ಈಗ ಗೊತ್ತಾಯಿತು ಮೇಡಂ.

ಗಂಗೋತ್ರಿ ಹಾಸ್ಟೆಲ್

ನನ್ನದೊಂದು ತಕರಾರು ಪುಸ್ತಕದ ಮೇಲೇ ಇದೆ. ಎಲ್ಲರೂ ಆಟಿಕಸ್ ಆಟಿಕಸ್ ಅನ್ನುತ್ತಾರೆ. ವಿಚಾರಣೆ ಮುಗಿದು ಅವನು ಹೊರಟಾಗ, ಮೇಲಿನ ಗ್ಯಾಲರಿಯಲ್ಲಿ ಕೂತ ಕಪ್ಪು ಜನ ಎಲ್ಲ ಎದ್ದು ನಿಲ್ಲುತ್ತಾರೆ. ಪಾದ್ರಿ ಸ್ಕೌಟ್‌ಗೂ ಎದ್ದು ನಿಲ್ಲು, ನಿಮ್ಮಪ್ಪ ಹೋಗುತ್ತಿದ್ದಾರೆ ಅನ್ನುತ್ತಾರೆ. ಓದುವವರ ಕಣ್ಣು ಒದ್ದೆಯಾಗುವ ಜಾಗ. ನಾನು ಅಲ್ಲಿ ಬೇರೆ ಏನೋ ಹುಡುಕುತ್ತಿದ್ದೆ. ಆ ಹೊತ್ತಿಗೆ ಟಾಮ್ ಎಲ್ಲಿ? ಅವನ ಮುಖ ಹೇಗಿತ್ತು? ಅವನನ್ನು ಆಗಲೇ ಕರೆದುಕೊಂಡು ಹೋಗಿಯಾಗಿದೆ. ಸೋತವನು ಟಾಮ್, ಮರ್ಯಾದೆ ಸಿಕ್ಕಿದ್ದು ವಕೀಲರಿಗೆ.

ಹೆಸರೂ ನೋಡಿ. ಮಾಕಿಂಗ್‌ಬರ್ಡ್ ಅಂದರೆ ಹಾಡುವುದು ಬಿಟ್ಟು ಬೇರೇನೂ ಮಾಡದ ಹಕ್ಕಿ, ಅದನ್ನು ಕೊಲ್ಲುವುದು ಪಾಪ. ಟಾಮ್ ಹಕ್ಕಿ ಅಲ್ಲ. ಹೊಲದಲ್ಲಿ ದುಡಿಯುವ ಮನುಷ್ಯ, ಬೇಲಿ ಹತ್ತಿ ಓಡಿದವನು. ನಿರುಪದ್ರವಿ ಅಂತ ಸರ್ಟಿಫಿಕೇಟ್ ಇದ್ದರೆ ಮಾತ್ರ ಕೊಲ್ಲಬಾರದಾ? ಸ್ವಲ್ಪ ಮುಂಗೋಪಿ ಆಗಿದ್ದಿದ್ದರೆ?

ಪಿಯುಸಿ ಮೇಡಂ

ಈ ಮಾತನ್ನು ಅಮೆರಿಕದಲ್ಲೂ ಬಹಳ ಜನ ಎತ್ತಿದ್ದಾರೆ. ಮಿನೆಸೋಟಾದ ಡುಲೂತ್‌ನಲ್ಲಿ 2018ರಲ್ಲಿ ಶಾಲೆಯ ಕಡ್ಡಾಯ ಓದಿನಿಂದ ಈ ಪುಸ್ತಕ ತೆಗೆದರು. ಅದರಲ್ಲಿ ಮತ್ತೆ ಮತ್ತೆ ಬರುವ ಬೈಗುಳ ಕೇಳಿ ಕಪ್ಪು ಮಕ್ಕಳು ಕ್ಲಾಸಿನಲ್ಲಿ ಹೇಗೆ ಕೂರಬೇಕು ಅನ್ನುವ ಮಾತು ಬಂತು. ನಾನಾಗಿದ್ದರೆ ತೆಗೆಯುತ್ತಿರಲಿಲ್ಲ. ಆದರೆ ಆ ಮಕ್ಕಳ ಜಾಗದಲ್ಲಿ ಕೂತು ನೋಡಿದವಳೂ ನಾನಲ್ಲ.

2015ರಲ್ಲಿ ಹಾರ್ಪರ್ ಲೀ ಅವರದೇ 'ಗೋ ಸೆಟ್ ಎ ವಾಚ್‌ಮನ್' ಬಂತು. ಅದರಲ್ಲಿ ಸ್ಕೌಟ್ ದೊಡ್ಡವಳಾಗಿ ಊರಿಗೆ ಬರುತ್ತಾಳೆ. ಕಪ್ಪು ಜನರಿಗೆ ಸಮಾನ ಹಕ್ಕು ಬೇಡ ಅನ್ನುವವರ ಸಭೆಯಲ್ಲಿ ಆಟಿಕಸ್ ಕೂತಿರುತ್ತಾನೆ. ಓದಿದವರು ಎದೆ ಒಡೆದುಕೊಂಡರು. ಮೊದಲ ಪುಸ್ತಕವನ್ನು ಸರಿಯಾಗಿ ಓದಿದ್ದರೆ ಅಷ್ಟು ಗಾಬರಿ ಆಗಬೇಕಿರಲಿಲ್ಲ. ಅದರಲ್ಲೂ ಆಟಿಕಸ್, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್ ಬಗ್ಗೆ, ಅದೊಂದು ರಾಜಕೀಯ ಸಂಘಟನೆ ಅನ್ನುವ ಹಾಗೆ ಹಗುರವಾಗಿ ಮಾತಾಡುತ್ತಾನೆ.

ಸುಮ್ನೆ ಓದುಗ

ಆಟಿಕಸ್‌ನನ್ನೂ ಬಿಡಲಿಲ್ಲವಾ? ನಮ್ಮ ಗುಂಪಿನಲ್ಲಿ ಒಬ್ಬರು ಮಗನಿಗೆ ಆ ಹೆಸರೇ ಇಡಬೇಕು ಅಂತಿದ್ದರು.

ಒಗ್ಗರಣೆ

ಮನೆಯಲ್ಲಿ 'ಆಟಿಕಪ್ಪ' ಅಂತ ಕರೆಯಬಹುದಿತ್ತು.

ವಕೀಲರ ಡೈರಿ

ಆಟಿಕಸ್ ದೇವರಾಗದಿದ್ದರೂ ಪರವಾಗಿಲ್ಲ. ಕೇಸನ್ನು ಜಡ್ಜ್ ಅವನ ತಲೆಗೆ ಕಟ್ಟಿದ್ದು, ಅವನು ಹುಡುಕಿಕೊಂಡು ಹೋದದ್ದಲ್ಲ. ಕೊಟ್ಟ ಮೇಲೆ ಕಾಟಾಚಾರಕ್ಕೆ ಮಾಡಲಿಲ್ಲ. ಕಸುಬಿನವನಾಗಿ ನನಗೆ ಅಷ್ಟು ಸಾಕು. ಗಂಗೋತ್ರಿಯವರ ಮಾತನ್ನೂ ತಳ್ಳಿಹಾಕುವುದಿಲ್ಲ. ಕೋರ್ಟಿನಲ್ಲಿ ನಾವು ಕಕ್ಷಿದಾರನ ಮುಖ ನೋಡುವುದು ನಿಜಕ್ಕೂ ಕಡಿಮೆ. ಫೈಲು ನೋಡುತ್ತೀವಿ.

ಆಲೆಮನೆ ಹುಡುಗ

ಎರಡು ದಿನ ಈ ಕಡೆ ಬಂದಿರಲಿಲ್ಲ, ಕಬ್ಬಿನ ಕಟಾವು ನಡೆಯುತ್ತಿದೆ. ನಿನ್ನೆ ರಾತ್ರಿ ಗಾಣ ನಿಲ್ಲಿಸಿದ ಮೇಲೆ ದೊಡ್ಡಪ್ಪನಿಗೆ ಈ ಕಥೆ ಹೇಳಿದೆ. ಕೊಪ್ಪರಿಗೆ ಪಕ್ಕ ಒಲೆ ಇನ್ನೂ ಬಿಸಿ ಇತ್ತು, ಅಲ್ಲೇ ಕೂತಿದ್ದೆವು. ಹೆಸರುಗಳನ್ನೆಲ್ಲ ನಮ್ಮ ಕಡೆಯ ಹೆಸರು ಮಾಡಿ ಹೇಳಿದೆ, ಇಲ್ಲದಿದ್ದರೆ ಅವರು ಕೇಳುತ್ತಿರಲಿಲ್ಲ. ಮೆಷಿನ್ನಿಗೆ ಕೈ ಸಿಕ್ಕಿದ್ದು ಹೇಳಿದಾಗ ತಮ್ಮ ಕೈ ನೋಡಿಕೊಂಡರು, ಏನೂ ಅನ್ನಲಿಲ್ಲ. ಜ್ಯೂರಿ ತೀರ್ಪಿಗೂ ಆಶ್ಚರ್ಯ ಪಡಲಿಲ್ಲ. ಹದಿನೇಳು ಗುಂಡು ಅಂದಾಗ 'ಅಷ್ಟ್ಯಾಕ್ಲಾ ಬೇಕಿತ್ತು' ಅಂದರು. ಪುಸ್ತಕದಲ್ಲಿ ಆಟಿಕಸ್ ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. 'ಆ ಬೀರು ಒಡೆದುಕೊಟ್ನಲ್ಲ, ಅದಕ್ಕೆ ಕಾಸು ಇಸ್ಕಂಡ್ನಾ?'

ನನಗೆ ನೆನಪಾಗಲಿಲ್ಲ, ಮನೆಗೆ ಹೋಗಿ ಪುಸ್ತಕ ತಂದು ಟಾರ್ಚ್ ಹಾಕಿ ಹುಡುಕಿದೆ. ಮಯೆಲ್ಲಾ ಒಂದು ನಿಕಲ್ ಕೊಡುತ್ತೇನೆ ಅಂದಳು, ಅಂದರೆ ಐದು ಸೆಂಟು. ಬೇಡ ಅಂದೆ ಅನ್ನುತ್ತಾನೆ ಟಾಮ್. ಹೇಳಿದೆ.

'ಅದೇ ನೋಡು ಅವ್ನು ಮಾಡಿದ್ದು. ಇಸ್ಕಂಡಿದ್ರೆ ಕೂಲಿಯವ್ನು ಆಯ್ತಿದ್ದ. ಬ್ಯಾಡ ಅಂದ್ಬುಟ್ಟ.'

ಬೆಂಕಿಪೊಟ್ಟಣ ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಂದು ಬೀಡಿ ಹಚ್ಚಿದರು.

ಕುಕ್ಕರಹಳ್ಳಿ ಏರಿ

ಮೂರನೇ ಭಾನುವಾರ ಅವರನ್ನು ಕರೆದುಕೊಂಡು ಬರಲು ಆಗುತ್ತಾ?

ಆಲೆಮನೆ ಹುಡುಗ

ಕಟಾವು ಮುಗಿಯಲಿ ಮೇಡಂ, ಕೇಳುತ್ತೇನೆ. ತಾರಸಿ ಮೇಲೆ ಬೀಡಿಗೆ ಪರವಾಗಿಲ್ಲ ತಾನೇ?